ಸಮೀಪದ ಪ್ರವಾಸ

ಶಾಲಾ ಪ್ರವಾಸವೆಂದೊಡನೆ ನಮ್ಮ ಮನಸ್ಸು ಮೈಸೂರು, ಊಟಿ, ಗೋವೆಗಳ ಕಡೆಗೆ ಹರಿಯುತ್ತದೆ. ಎರಡು ರಾತ್ರಿ ಬಸ್ಸಿನಲ್ಲಿ ತೂಕಡಿಸಿ, ಮೂರು ಹಗಲು ಸಾಲಿನಲ್ಲಿ ನಿಂತು, ಕೈಯಲ್ಲೊಂದು ಆಟಿಕೆ ಹಿಡಿದು ಮರಳಿದರೆ ಪ್ರವಾಸ ಮುಗಿಯಿತು. ನಾನಿದನ್ನು ಹೀಗಳೆಯುವವನಲ್ಲ, ಅರಮನೆಯನ್ನು ಕಂಡ ಮಗುವಿನ ಕಣ್ಣಿನ ಬೆಳಕನ್ನು ನಾನೂ ಕಂಡಿದ್ದೇನೆ. ಆದರೆ ಆ ಬಸ್ಸಿನಲ್ಲಿ ತರಗತಿಯ ಅರ್ಧದಷ್ಟು ಮಕ್ಕಳು ಇರುವುದಿಲ್ಲ. ಹಣ ಕಟ್ಟಲಾರದವರು ತಮಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆಂದು ಹೇಳಿ ಮಾನ ಉಳಿಸಿಕೊಳ್ಳುತ್ತಾರೆ. ಉಪಾಧ್ಯಾಯರಾದ ನಾವು ಅದನ್ನು ನಂಬಿದವರಂತೆ ನಟಿಸುತ್ತೇವೆ.

ಬೇಸಿಗೆಯಲ್ಲಿ, ಪರೀಕ್ಷೆಗಳು ಮುಗಿದ ಮೇಲೆ, ಮುಂಜಾವಿನಲ್ಲಿ ಹೊರಟು ಮಧ್ಯಾಹ್ನದೊಳಗೆ ಮನೆ ಸೇರಬಹುದಾದ ಸಮೀಪದ ಪ್ರವಾಸವೇ ನಮ್ಮ ಮಕ್ಕಳಿಗೆ ಮೊದಲು ಸಲ್ಲಬೇಕಾದುದೆಂದು ನನ್ನ ಅಭಿಪ್ರಾಯ. ಇದು ಗ್ರಂಥದಿಂದ ಬಂದುದಲ್ಲ, ನಾಚಿಕೆಯಿಂದ ಬಂದುದು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

20 ವರ್ಷಗಳಿಗೂ ಮಿಗಿಲಾಗಿ ಗದಗಿನ ಪರಿಸರದಲ್ಲಿ ಕನ್ನಡ ಪಾಠ ಹೇಳುತ್ತ ಬಂದಿದ್ದೇನೆ. ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರಸಂಗ ಬಂದಾಗ ನನ್ನ ಧ್ವನಿ ತಾನಾಗಿಯೇ ಏರುತ್ತಿತ್ತು. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳು, ಪೊನ್ನನ ಶಾಂತಿಪುರಾಣಕ್ಕೆ 1000 ಓಲೆಪ್ರತಿಗಳನ್ನು ಮಾಡಿಸಿ ಹಂಚಿದವಳು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಎತ್ತಿಸಿದವಳು ಎಂದು ವರ್ಣಿಸುತ್ತಿದ್ದೆ. ಒಂದು ದಿನ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಗುರುಗಳ, ಆ ಗುಡಿ ನಮ್ಮ ಮನಿ ಹತ್ರಾನ ಐತ್ರಿ. ನೀವು ಯಾವಾಗ ಬಂದಿದ್ರಿ?" ಎಂದ. ಅವನು ದಿನವೂ ಲಕ್ಕುಂಡಿಯಿಂದ ಬಸ್ಸಿನಲ್ಲಿ ಬರುವವನು. "ಹಿಂದೊಮ್ಮೆ" ಎಂದೆ. ಕೊಪ್ಪಳಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಊರ ಹೆಸರಿನ ಫಲಕವನ್ನು ಕಂಡುದಷ್ಟೇ ನನ್ನ ಲಕ್ಕುಂಡಿ ದರ್ಶನ. ಗುರುಮುಖದಿಂದ ಶಬ್ದಮಣಿದರ್ಪಣವನ್ನು ಕಲಿತು ಸೂತ್ರಗಳನ್ನು ಕಂಠಪಾಠ ಮಾಡಿದ ನಾನು, ಸುಮಾರು 12 ಕಿಲೋಮೀಟರು ದೂರದಲ್ಲಿರುವ ಹಳಗನ್ನಡದ ಕಲ್ಲನ್ನು ಕಣ್ಣಿನಿಂದ ಕಂಡಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಒಂದು ಟೆಂಪೋ ಗೊತ್ತುಮಾಡಿ ಬೆಳಗಿನ ಐದೂವರೆಗೆ ಹೊರಟೆವು. ತಲೆ ಸುತ್ತುತ್ತದೆಂದು ಯಾರೂ ಹೇಳಲಿಲ್ಲ. ಬಿಸಿಲಿಗೆ ಹೆದರಿ ಅಷ್ಟು ಬೇಗ ಹೊರಟದ್ದು ವರವೇ ಆಯಿತು. ಶಾಸನವನ್ನು ಓದಲು ಓರೆಯಾಗಿ ಬೀಳುವ ಬೆಳಕು ಬೇಕು. ಎಳೆಬಿಸಿಲು ಕಲ್ಲಿನ ಮೈಯನ್ನು ಸವರಿ ಹೋಗುವಾಗ ಅಕ್ಷರದ ಕೊರೆತದಲ್ಲಿ ನೆರಳು ನಿಲ್ಲುತ್ತದೆ. ಸೂರ್ಯ ಮೇಲೇರಿದಂತೆ ಅದೇ ಕಲ್ಲು ಬೋಳಾಗಿ ಕಾಣತೊಡಗುತ್ತದೆ. ಮುದ್ರಿತ ಪಾಠವನ್ನಷ್ಟೇ ಬಲ್ಲ ನನಗೆ ಇದು ಹೊಸ ವಿದ್ಯೆ. ಬಸದಿಯ ಶಾಸನ 1007ರದೆಂದು ಹೇಳಿ ಮುಗಿಸುವಷ್ಟರಲ್ಲಿ ಮಕ್ಕಳು ಕಲ್ಲಿಗೆ ಮುಖವಿಟ್ಟು, 'ಗ' ಸಿಕ್ಕಿತು, 'ನ' ಸಿಕ್ಕಿತು ಎಂದು ಕೂಗುತ್ತಿದ್ದರು. ವರ್ಗದಲ್ಲಿ ಹಳಗನ್ನಡವೆಂದರೆ ಮುಖ ಸಿಂಡರಿಸುವ ಮಕ್ಕಳೇ ಇವರು.

ಕಾಶಿವಿಶ್ವೇಶ್ವರನ ಗುಡಿಯಲ್ಲಿ ಶಿವನಿಗೂ ಸೂರ್ಯನಿಗೂ ಎದುರುಬದುರು ಗರ್ಭಗೃಹಗಳು. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಇಲ್ಲಿನ ಶಿಲ್ಪಿಗಳು ಮೃದುವಾದ ಬಳಪದ ಕಲ್ಲನ್ನು ಹಿಡಿದರು. ಬಾಗಿಲುವಾಡದ ನವುರಾದ ಬಳ್ಳಿಗಳೂ ತಿರುಗಣೆಯಲ್ಲಿ ಕಡೆದಂತೆ ಹೊಳೆಯುವ ಕಂಬಗಳೂ ಆ ಕಲ್ಲಿನಿಂದಲೇ ಸಾಧ್ಯವಾದುವು. ಇಷ್ಟನ್ನು ನಾನು ಹೇಳಿದೆ. ಮುಂದಿನದೆಲ್ಲ ಆ ಹುಡುಗನ ಪಾರುಪತ್ಯ. ಯಾವ ಓಣಿಯಲ್ಲಿ ತಿರುಗಬೇಕು, ಯಾವ ಮೂಲೆಯಲ್ಲಿ ಜೇನಿದೆ, ಮುಸುಕಿನ ಬಾವಿಯ ಯಾವ ಮೆಟ್ಟಿಲು ಜಾರುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ನೂರೊಂದು ಗುಡಿ, ನೂರೊಂದು ಬಾವಿ ಎಂಬುದು ಆ ಊರಿನವರ ಮಾತು. ಎಣಿಸಲು ನಮಗೆ ಪುರುಸೊತ್ತಿರಲಿಲ್ಲ. ಬಾವಿಯ ತಂಪಿನಲ್ಲಿ ಕುಳಿತು ರೊಟ್ಟಿಯ ಬುತ್ತಿ ಬಿಚ್ಚಿದಾಗ, ಶರಣ ಅಜಗಣ್ಣನೂ ಅವನ ತಂಗಿ ಮುಕ್ತಾಯಕ್ಕನೂ ಈ ಊರಿನವರೆಂಬ ಪರಂಪರೆಯನ್ನು ತಿಳಿಸಿದೆ. "ನಮ್ಮೂರವರಾ?" ಎಂದು ಅವನು ಎರಡು ಸಲ ಕೇಳಿದ. ಅವನ ಕಾಲಿಗೆ ಗೊತ್ತಿದ್ದುದು ನನಗೆ ಗೊತ್ತಿರಲಿಲ್ಲ; ನನ್ನ ಪುಸ್ತಕಕ್ಕೆ ಗೊತ್ತಿದ್ದುದು ಅವನಿಗೆ ಯಾರೂ ಹೇಳಿರಲಿಲ್ಲ.

ಹತ್ತು ಗಂಟೆಗೆ ಬಿಸಿಲೇರಿತು, ಡಂಬಳವನ್ನು ಕೈಬಿಟ್ಟೆವು. 24 ಕೋನಗಳ ನಕ್ಷತ್ರವಿನ್ಯಾಸದ ದೊಡ್ಡಬಸಪ್ಪನ ಗುಡಿಯಾಗಲಿ, ತಾರಾದೇವಿಯ ಬೌದ್ಧವಿಹಾರವನ್ನು 1095ರ ಶಾಸನ ಹೆಸರಿಸುವ ಆ ಊರಾಗಲಿ ಎಲ್ಲಿಗೂ ಓಡಿಹೋಗುವುದಿಲ್ಲ. ದೂರದ ಪ್ರವಾಸದಲ್ಲಿ ಹೀಗೆ ಬಿಟ್ಟು ಬರುವಂತಿಲ್ಲ; ಕೊಟ್ಟ ಹಣಕ್ಕೆ ಎಲ್ಲವನ್ನೂ ನೋಡಲೇಬೇಕು, ನೋಡಿ ಏನನ್ನೂ ಕಾಣದಿದ್ದರೂ ಸರಿಯೆ.

"ಲಕ್ಕುಂಡಿ ಇದ್ದೇ ಇದೆಯಲ್ಲ, ಅದಕ್ಕೇಕೆ ಪ್ರವಾಸ?" ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ನನ್ನನ್ನು ಇಷ್ಟು ವರ್ಷ ತಡೆದುದೂ ಇದೇ 'ಇದ್ದೇ ಇದೆ' ಎಂಬ ಮಾತೇ ಆಗಿತ್ತಾದ್ದರಿಂದ ಅವರೊಡನೆ ವಾದಕ್ಕಿಳಿಯಲಿಲ್ಲ. ಮುಂದಿನ ಸಲ ಬನ್ನಿರೆಂದು ಕರೆದಿದ್ದೇನೆ.

ಬರುವ ಏಪ್ರಿಲ್‌ನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗುವ ವಿಚಾರವಿದೆ. ಗದಗಿನಿಂದ ಸುಮಾರು 40 ಕಿಲೋಮೀಟರು. ಅದೇ ಹಿಂದಿನ ಪುಲಿಗೆರೆ; ಕನ್ನಡದ ತಿರುಳೆಂದು ಕವಿರಾಜಮಾರ್ಗ ಎಣಿಸುವ ಸ್ಥಳಗಳಲ್ಲೊಂದು; ಆದಯ್ಯನ ಸೋಮೇಶ್ವರನಿರುವ ಊರು. ಮಕ್ಕಳಿಂದ ಹಣ ಪಡೆಯಬಾರದೆಂದು ನಿಶ್ಚಯಿಸಿದ್ದೇವೆ. ಹಳೆಯ ವಿದ್ಯಾರ್ಥಿಗಳಲ್ಲಿ ವಾಹನವುಳ್ಳವರು ಒಂದು ಬೆಳಗಿನ ಮಟ್ಟಿಗೆ ಕೊಡುವುದಾದರೆ ಮುಖ್ಯಾಧ್ಯಾಪಕರಿಗೆ ತಿಳಿಸಬೇಕು. ಬುತ್ತಿಯನ್ನು ಮಕ್ಕಳೇ ತರುತ್ತಾರೆ. ಮಜ್ಜಿಗೆಯ ಕೊಡವನ್ನು ಲಕ್ಕುಂಡಿಯ ಆ ಹುಡುಗ ಈಗಲೇ ಒಪ್ಪಿಕೊಂಡಿದ್ದಾನೆ.