ಕ್ಲೋರಿನ್ ಬೇಡವೆನ್ನುವ ಮುನ್ನ

ನಲ್ಲಿನೀರಿಗೆ ಬೆರೆಸುವ ಕ್ಲೋರಿನ್‌ನಿಂದ ಕ್ಯಾನ್ಸರ್ ತಗಲುತ್ತದೆಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಅಂಜಿಕೆ ತೀರಾ ನಿರಾಧಾರವಲ್ಲ. ಆದರೆ ಅರೆತಿಳಿವಿನ ಅಂಜಿಕೆ ರೋಗಕ್ಕಿಂತ ಹೆಚ್ಚಿನ ಕೇಡನ್ನು ತಂದೀತು.

1974ರಲ್ಲಿ ನೆದರ್ಲೆಂಡ್ಸಿನ ರಾಟರ್ಡಮ್ ನಗರದ ರಸಾಯನಶಾಸ್ತ್ರಜ್ಞ ಜೆ. ಜೆ. ರೂಕ್ ಒಂದು ಸಂಗತಿಯನ್ನು ಬೆಳಕಿಗೆ ತಂದರು. ಕೊಳೆತ ಎಲೆ, ಮಣ್ಣು ಮುಂತಾದವುಗಳ ಸಾವಯವ ಅಂಶವಿರುವ ನೀರಿಗೆ ಕ್ಲೋರಿನ್ ಬೆರೆತಾಗ ಕ್ಲೋರೋಫಾರ್ಮ್ ಮೊದಲಾದ ಟ್ರೈಹಾಲೋಮೀಥೇನುಗಳು ಉತ್ಪನ್ನವಾಗುತ್ತವೆ. ಅಂದರೆ ದೋಷ ಕ್ಲೋರಿನ್ ಒಂದರದೇ ಅಲ್ಲ, ಅದು ಕೂಡುವ ಕೊಳೆಯದೂ ಹೌದು. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ನೇತ್ರಾವತಿಯ ನೀರೇ ತುಂಬೆಯಿಂದ ಮಂಗಳೂರಿಗೆ ಬರುವುದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಾವಳಿಯಲ್ಲಿ ಇನ್ನೊಂದು ತೊಡಕುಂಟು. ಬೇಸಗೆಯಲ್ಲಿ ಉಪ್ಪುನೀರು ನುಗ್ಗುವ ಬಾವಿಗಳಿಗೆ ಕಡಲಿನ ಬ್ರೋಮೈಡ್ ಸೇರುತ್ತದೆ. ಅಂತಹ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ಬ್ರೋಮಿನ್‌ಯುಕ್ತ ಸಂಯುಕ್ತಗಳು ಹುಟ್ಟುತ್ತವೆ.

ಇಂತಹ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚೆಂದು ಹಲವು ಅಧ್ಯಯನಗಳು ಸೂಚಿಸಿವೆ; ಕಾರಣ ಇದೇ ಎಂದು ಸಿದ್ಧವಾಗಿಲ್ಲ. ಭಾರತೀಯ ಮಾನಕ ಬ್ಯೂರೋ 2012ರ ಮಾನದಂಡದಲ್ಲಿ ಲೀಟರು ನೀರಿಗೆ 0.2 ಮಿಲಿಗ್ರಾಂ ಕ್ಲೋರೋಫಾರ್ಮಿನ ಮಿತಿಯನ್ನು ವಿಧಿಸಿದೆ. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದೂ ಅದೇ ಮಾನದಂಡ ಹೇಳುತ್ತದೆ. ಮೊದಲನೆಯದನ್ನು ಓದಿ ಎರಡನೆಯದನ್ನು ಬಿಡುವವರೇ ಹೆಚ್ಚು. 1991ರಲ್ಲಿ ಪೆರು ದೇಶದ ಟ್ರುಹಿಯೋ ನಗರದಲ್ಲಿ ಕ್ಲೋರಿನ್ ಇಲ್ಲದ ನಲ್ಲಿನೀರು ಕಾಲರಾವನ್ನು ಮನೆಮನೆಗೆ ಒಯ್ದಿತು. ಮೂವತ್ತು ವರ್ಷಗಳಾಚೆಯ ಅಲ್ಪ ಸಂಭವಕ್ಕೆ ಹೆದರುವ ನಾವು, ವಾಂತಿಭೇದಿಗೆ ತುತ್ತಾದ ಹಸುಗೂಸು ಎರಡೇ ದಿನಗಳಲ್ಲಿ ಕೈಬಿಟ್ಟು ಹೋಗಬಹುದೆಂಬುದನ್ನು ಮರೆಯಬಹುದೇ?

ಮಾಡಬೇಕಾದುದು ಬೇರೆಯೇ ಇದೆ. ಪಟಿಕ ಹಾಕಿ, ಕೆಸರು ತಂಗಿಸಿ, ಸೋಸಿ, ಆಮೇಲೆ ಕ್ಲೋರಿನ್ ಬೆರೆಸಿದರೆ ಈ ಸಂಯುಕ್ತಗಳು ಬಹುಮಟ್ಟಿಗೆ ತಗ್ಗುತ್ತವೆ. ಮನೆಬಾವಿಗೆ ಬಲೆ ಹೊದಿಸಿ ಎಲೆ ಬೀಳದಂತೆ ನೋಡಿಕೊಳ್ಳುವುದೂ ಇದೇ ಕೆಲಸ. ಬ್ಲೀಚಿಂಗ್ ಪುಡಿಯನ್ನು ಮುಷ್ಟಿಯ ಲೆಕ್ಕದಲ್ಲಿ ಸುರಿಯುವ ರೂಢಿ ನಮ್ಮಲ್ಲಿದೆ, ಅದು ಸಲ್ಲದು. ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಉತ್ತಮ ಪುಡಿ ಸಾಕು. ರಾತ್ರಿ ಹಾಕಿ ಬೆಳಿಗ್ಗೆ ಸೇದಬೇಕು. ಕಿಟಕಿ ತೆರೆದಿಟ್ಟು, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕೆಲವು ನಿಮಿಷ ಕುದಿಸಿದರೆ ಕ್ಲೋರೋಫಾರ್ಮ್ ಬಹುಪಾಲು ಆವಿಯಾಗಿ ಹೋಗುತ್ತದೆ.

ಇನ್ನು ನಗರದ ನೀರಿನ ವಿಷಯ. ಟ್ರೈಹಾಲೋಮೀಥೇನುಗಳ ಪರೀಕ್ಷೆ ನಡೆದಿದೆಯೇ, ಮಳೆಗಾಲದ ಅಂಕೆಗಳೆಷ್ಟು ಎಂದು ಸ್ಥಳೀಯ ಆಡಳಿತವನ್ನು ಲಿಖಿತವಾಗಿ ಕೇಳಲು 2005ರ ಮಾಹಿತಿ ಹಕ್ಕು ಕಾಯಿದೆ ಅವಕಾಶವಿತ್ತಿದೆ. ಪ್ರತಿ ವಾಳೆಯಿಂದ ಒಂದೊಂದು ಅರ್ಜಿ ಹೋಗಲಿ.