ಕೆರೆಯ ಅಭ್ಯಾಸವೂ ಕಡಲ ಬಂಡೆಯೂ

ಹೊಸಕೋಟೆಯ ದೊಡ್ಡಕೆರೆಯ ಏರಿಯ ಮೇಲೋ ದೊಡ್ಡಬಳ್ಳಾಪುರದ ನಾಗರಕೆರೆಯ ದಡದಲ್ಲೋ ಗಾಳ ಹಿಡಿದು ಬೆಳೆದವನಿಗೆ ನೀರೆಂಬುದು ಇದ್ದಲ್ಲಿಯೇ ಇರುವ ವಸ್ತು. ಅದರ ಬಳಿಗೆ ಮನುಷ್ಯನು ಹೋಗಬೇಕೇ ಹೊರತು ಅದು ತಾನಾಗಿ ಮೇಲೆದ್ದು ಬರುವುದಿಲ್ಲ. ಕಡಲಿಗೆ ಚಾಚಿದ ಬಂಡೆಯ ಮೇಲೆ ಈ ತಿಳಿವಳಿಕೆಯು ಬುಡಮೇಲಾಗುತ್ತದೆ. ಹೊಸಕೋಟೆ, ನೆಲಮಂಗಲಗಳನ್ನು ಹಾದು ಕರಾವಳಿಯ ಕಡೆಗೆ ಸಾಗುವ 75ನೆಯ ರಾಷ್ಟ್ರೀಯ ಹೆದ್ದಾರಿಯು ಬಯಲುಸೀಮೆಯ ಉತ್ಸಾಹಿಯನ್ನು ಒಂದೇ ರಾತ್ರಿಯಲ್ಲಿ ಸೋಮೇಶ್ವರದ ಬಂಡೆಗಳಿಗೋ ಕಾಪುವಿನ ದೀಪಸ್ತಂಭದ ಬುಡಕ್ಕೋ ತಲುಪಿಸಬಲ್ಲುದು. ಕಡಲನ್ನು ಅರಿಯುವ ವಿದ್ಯೆಯನ್ನು ಮಾತ್ರ ಅದು ಕಲಿಸಲಾರದು.

ಈ ಅರಿವಿನ ಕೊರತೆಗೆ ನಮ್ಮ ನಾಡು ತೆತ್ತ ಬೆಲೆಯನ್ನು ಮರೆಯಲಾಗದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರ ನಾಲ್ವರು ಬಾಲಕಿಯರು ಸಮುದ್ರದ ಪಾಲಾದರು. ಅವರು ಮೀನು ಹಿಡಿಯಲು ಹೋದವರಲ್ಲ, ನಿಜ. ಆದರೆ ಕಡಲನ್ನು ಕಾಣದೆ ಬೆಳೆದವರು ಕಡಲ ಮುಂದೆ ನಿಂತಾಗ ಅವರನ್ನು ಎಚ್ಚರಿಸುವ ವ್ಯವಸ್ಥೆಯು ಸಾಲದೆ ಹೋಯಿತೆಂಬುದು ಎರಡು ಸಂಗತಿಗಳಿಗೂ ಸಮಾನವಾದ ಮಾತು.

ಗಾಳಿಯಿಲ್ಲ, ಆಕಾಶವು ನಿರ್ಮಲವಾಗಿದೆ, ಆದುದರಿಂದ ಭಯವಿಲ್ಲವೆಂದು ತರ್ಕಿಸುವುದು ಕೆರೆಯ ದಡದ ತರ್ಕ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರು ದಾಟಿ, ಇಲ್ಲಿ ಹವೆಯು ಪ್ರಶಾಂತವಾಗಿರುವಾಗಲೇ ದಡವನ್ನು ಅಪ್ಪಳಿಸುವುದುಂಟು. ಕೇರಳದ ಬೆಸ್ತರು ಇದನ್ನು ‘ಕಳ್ಳಕಡಲು’ ಎಂದು ಕರೆದರು. ಇಂದು ವಿಜ್ಞಾನಿಗಳೂ ಆ ಹೆಸರನ್ನೇ ಬಳಸುತ್ತಿದ್ದಾರೆ. 2024ರ ಮಾರ್ಚ್ 31ರಂದು ಅದು ಕೇರಳ ತೀರದ ಅನೇಕ ಊರುಗಳಿಗೆ ನುಗ್ಗಿತು. ಅಂತಹ ದಿನದಲ್ಲಿ ಹತ್ತಾರು ಸಣ್ಣ ಅಲೆಗಳ ಬಳಿಕ ಬರುವ ಒಂದು ದೊಡ್ಡ ಅಲೆಯು ಬಂಡೆಯ ತುದಿಯಲ್ಲಿ ನಿಂತವನನ್ನು ಎಳೆದೊಯ್ಯಲು ಸಾಕು.

ಆದುದರಿಂದ ಬಂಡೆಗೆ ಇಳಿಯುವ ಮೊದಲು ಎತ್ತರದ ಒಣ ಜಾಗದಲ್ಲಿ ನಿಂತು ಅರ್ಧ ಗಂಟೆಯಾದರೂ ಅಲೆಗಳ ನಡೆಯನ್ನು ನೋಡತಕ್ಕದ್ದು. ಬಂಡೆಯು ಒದ್ದೆಯಾಗಿದ್ದರೆ, ಪಾಚಿ ಕಟ್ಟಿದ್ದರೆ, ಅಲ್ಲಿಯವರೆಗೆ ಅಲೆಯು ಬರುತ್ತದೆಂದೇ ಅರ್ಥ. ಉಬ್ಬರವು ಏರಿದಾಗ ಹಿಂದಿರುಗುವ ದಾರಿಯೇ ಮುಳುಗಬಹುದೆಂಬುದನ್ನು ಮುಂಚಿತವಾಗಿ ವಿಚಾರಿಸಿ ತಿಳಿಯಬೇಕು. ಒಬ್ಬನೇ ಹೋಗಬಾರದು, ಕಡಲಿಗೆ ಬೆನ್ನು ಮಾಡಬಾರದು, ಜಾರಿದ ಮೀನಿಗಾಗಿ ಕೆಳಗಿಳಿಯಬಾರದು. ಸಂಗಡಿಗನು ನೀರಿಗೆ ಬಿದ್ದರೆ ತಾನೂ ಧುಮುಕದೆ ಹಗ್ಗವನ್ನೋ ಮುಚ್ಚಿದ ಖಾಲಿ ಡಬ್ಬಿಯನ್ನೋ ಎಸೆದು, 112ಕ್ಕೆ ಅಥವಾ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬೇಕು.

ವ್ಯಕ್ತಿಯ ಎಚ್ಚರವೊಂದರಿಂದಲೇ ಕಾರ್ಯವು ಮುಗಿಯದು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಎತ್ತರದ ಅಲೆಗಳ ಮುನ್ಸೂಚನೆಯನ್ನು ಕರ್ನಾಟಕದ ತೀರಕ್ಕೂ ನೀಡುತ್ತಿದೆ. ಅದು ಬಂದರಿಗೆ ಮುಟ್ಟುತ್ತದೆ, ನೋಂದಾಯಿತ ದೋಣಿಗಳಿಗೆ ಮುಟ್ಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಬಾರದೆಂಬ ನಿಷೇಧವೂ ಇದೆ. ಆದರೆ ದೇವನಹಳ್ಳಿಯಿಂದ ಗಾಳ ಹೊತ್ತು ಹೋದವನಿಗೆ ದೋಣಿಯಿಲ್ಲ, ಬಂದರಿಲ್ಲ, ನೋಂದಣಿಯಿಲ್ಲ. ಅವನು ಯಾವ ಇಲಾಖೆಯ ಲೆಕ್ಕಕ್ಕೂ ಸೇರದವನು. ಬುದ್ಧಿ ಬಂದ ಮನುಷ್ಯನು ತಾನಾಗಿ ತಂದುಕೊಂಡ ಅಪಾಯಕ್ಕೆ ಸರಕಾರವೇನು ಮಾಡೀತೆಂದು ಕೆಲವರು ಕೇಳಬಹುದು. ಅವನು ಬಿದ್ದಾಗ ಪ್ರಾಣವನ್ನು ಪಣಕ್ಕಿಟ್ಟು ನೀರಿಗಿಳಿಯುವವನು ಅಲ್ಲಿಯ ಬಡ ಮೊಗವೀರನೆಂಬುದನ್ನು ಅಂತಹವರು ನೆನೆಯಲಿ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯವು 2016ರಲ್ಲಿ ಬಂಡೆಯ ಮೀನುಗಾರಿಕೆಗೆಂದೇ ಕಾನೂನು ಮಾಡಿ, ಅಪಾಯಕರವೆಂದು ಸಾರಿದ ತಾಣಗಳಲ್ಲಿ ಗಾಳ ಹಾಕುವವರು ತೇಲುವ ರಕ್ಷಾಕವಚವನ್ನು ತೊಡಲೇಬೇಕೆಂದು ವಿಧಿಸಿತು.

ನಮ್ಮಲ್ಲಿ ಆಗಬೇಕಾದುದು ದುಬಾರಿಯಾದುದೇನೂ ಅಲ್ಲ. ಅಪಾಯದ ಬಂಡೆಗಳನ್ನು ಊರಿನ ಮೀನುಗಾರರ ಮಾತು ಕೇಳಿ ಗುರುತಿಸಬೇಕು. ಅಲ್ಲಿ ತೇಲುಬಳೆ, ಹಗ್ಗಗಳನ್ನು ಇರಿಸಬೇಕು. ಅಂದಂದಿನ ಅಲೆಯ ಎಚ್ಚರಿಕೆಯನ್ನು ತಿಳಿಗನ್ನಡದಲ್ಲಿ ಬಂಡೆಯ ದಾರಿಯಲ್ಲಿಯೂ ವಸತಿಗೃಹಗಳಲ್ಲಿಯೂ ಗಾಳ ಮಾರುವ ಅಂಗಡಿಗಳಲ್ಲಿಯೂ ಪ್ರಕಟಿಸಬೇಕು. ಬಯಲುಸೀಮೆಯ ಶಾಲೆಗಳು ಪ್ರವಾಸ ಹೊರಡಿಸುವ ಮೊದಲು ಮಕ್ಕಳಿಗೆ ಕಡಲಿನ ಒಂದು ಪಾಠವನ್ನಾದರೂ ಹೇಳಬೇಕು. ‘ಅಪಾಯ’ ಎಂಬ ಮೂರಕ್ಷರದ ಹಲಗೆಯೊಂದನ್ನು ನೆಟ್ಟು ಕೈ ತೊಳೆದುಕೊಳ್ಳುವುದು ಆಡಳಿತವಲ್ಲ. ಕರಾವಳಿಯ ಜಿಲ್ಲಾಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಈ ವಿಷಯಕ್ಕೆ ಗಮನ ಕೊಡುವರೆಂದು ಆಶಿಸುತ್ತೇವೆ. ನಮ್ಮ ಕಡೆಯ ಮಹಾಜನರಾದರೋ, ಕೆರೆಯ ಏರಿಯ ಧೈರ್ಯವನ್ನು ಏರಿಯ ಮೇಲೆಯೇ ಬಿಟ್ಟು ಕಡಲಿಗೆ ಹೊರಡುವುದು ಲೇಸು.