ಟಿ.ವಿ.ಯ ಹಿಂದೊಂದು ಬೆಳಕು

ಶಿಗ್ಗಾವಿಯ ತಂಗಿಯ ಮನೆಯಲ್ಲಿ ಮಕ್ಕಳು ದೀಪ ಆರಿಸಿಯೇ ಟಿ.ವಿ. ನೋಡುವುದು. ಜೊತೆಗೆ ಕೂತ ಅಮ್ಮಿ ಕಣ್ಣುಜ್ಜಿಕೊಳ್ಳುತ್ತಿದ್ದರು. ಕತ್ತಲ ಗೋಡೆ, ನಡುವೆ ಹೊಳೆಯುವ ಪರದೆ. ಈ ಅಂತರವೇ ಕಣ್ಣನ್ನು ದಣಿಸುತ್ತದೆ. ಟಿ.ವಿ.ಯ ಬೆನ್ನಿಗೆ ಎಲ್‌ಇಡಿ ಪಟ್ಟಿ ಅಂಟಿಸಿದರೆ ಗೋಡೆ ಮೆಲ್ಲಗೆ ಬೆಳಗಿ ಆಯಾಸ ತಗ್ಗುತ್ತದೆ. ಫಿಲಿಪ್ಸ್ ಕಂಪೆನಿ 2004ರಲ್ಲೇ ಇಂತಹ ಬೆಳಕಿರುವ ಟಿ.ವಿ. ತಂದಿತ್ತು.

ಸೋದರಿಯರೇ, 5 ವೋಲ್ಟಿನ ಯುಎಸ್‌ಬಿ ಪಟ್ಟಿಯನ್ನೇ ಕೇಳಿ ತನ್ನಿ. ಟಿ.ವಿ.ಯ ಸಾಮಾನ್ಯ ಯುಎಸ್‌ಬಿ ಕಿಂಡಿಯ ಶಕ್ತಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ಅಷ್ಟೇ. ತಂಗಿಯ ಮಗ ಆಸೆಯಿಂದ 5 ಮೀಟರ್ ಸಿಕ್ಕಿಸಿದ್ದ, ಟಿ.ವಿ. ಪದೇ ಪದೇ ಆರತೊಡಗಿತು. ಉದ್ದದ ಪಟ್ಟಿಗೆ 2 ಆಂಪಿಯರಿನ ಮೊಬೈಲ್ ಚಾರ್ಜರ್ ಬೇಕು. ಧೂಳು ಒರೆಸಿ, ಗಾಳಿಕಿಂಡಿ ಮುಚ್ಚದಂತೆ ಅಂಟಿಸಿ. ಬಣ್ಣ ಬಿಳಿಯಿರಲಿ, ಕೆಂಪು-ನೀಲಿ ಮದುವೆ ಪೆಂಡಾಲಿಗೆ ಸಾಕು.

ಅಮ್ಮಿ ಈಗ ವಾರ್ತೆ ಮುಗಿಯುವವರೆಗೂ ಕೂರುತ್ತಾರೆ. ಹಾನಗಲ್ಲಿಗೆ ಕರೆದೊಯ್ದು ಕಣ್ಣು ತೋರಿಸುವುದು ಮಾತ್ರ ಬಾಕಿ ಇದೆ.